ಸೀಟಿನ ಲೆಕ್ಕ ಬೇರೆ, ನಿನ್ನ ಯೋಗ್ಯತೆ ಬೇರೆ

ಮಗೂ,

ಪ್ರೊಫೆಸರ್ ಇನ್ನೂ ಉತ್ತರ ಕೊಟ್ಟಿಲ್ಲ ಎಂಬ ಚಿಂತೆಯಲ್ಲಿ ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿಲ್ಲ, ರಾತ್ರಿಯೆಲ್ಲ ಮೊಬೈಲ್ ನೋಡುತ್ತಾ ಕೂರುತ್ತೀಯ ಎಂದು ನಿಮ್ಮಮ್ಮ ಹೇಳಿದರು. ಪಿಎಚ್‌.ಡಿ.ಗೆ ಗೈಡ್ ಹುಡುಕುತ್ತಾ ಬರುವ ಮಕ್ಕಳನ್ನು ಮೇಜಿನ ಈಚೆ ಬದಿಯಲ್ಲಿ ಕೂತು ವರ್ಷಗಟ್ಟಲೆ ಕಂಡವನು ನಾನು. ಆ ಅನುಭವದ ಮೇಲೆ ನಾಲ್ಕು ಮಾತು ಹೇಳುತ್ತೇನೆ, ಕೇಳು.

ಮೊದಲನೆಯದು: ಉತ್ತರ ಬಾರದೇ ಇರುವುದಕ್ಕೂ ನಿನ್ನ ಯೋಗ್ಯತೆಗೂ ಬಹುಪಾಲು ಸಂಬಂಧವೇ ಇರುವುದಿಲ್ಲ. ಯುಜಿಸಿಯ 2022ರ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಏಕಕಾಲಕ್ಕೆ ಹೆಚ್ಚೆಂದರೆ 8 ಮಂದಿಗೆ, ಅಸೋಸಿಯೇಟ್ ಪ್ರೊಫೆಸರ್ 6 ಮಂದಿಗೆ, ಅಸಿಸ್ಟೆಂಟ್ ಪ್ರೊಫೆಸರ್ 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿರುವವರು ಹೊಸಬರನ್ನು ತೆಗೆದುಕೊಳ್ಳುವಂತೆಯೇ ಇಲ್ಲ. ಒಂದು ಪಿಎಚ್‌.ಡಿ.ಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಆರು ವರ್ಷದವರೆಗೂ ಅವಕಾಶ. ಹಾಗಾಗಿ ಒಳಗಿರುವವರು ಪ್ರಬಂಧ ಒಪ್ಪಿಸಿ ಹೊರಬರುವ ತನಕ ಹೊರಗಿರುವವರಿಗೆ ಜಾಗವಾಗುವುದಿಲ್ಲ. ಒಬ್ಬ ವಿದ್ಯಾರ್ಥಿಯ ವೈವಾ ತಡವಾದರೂ ಸಾಕು, ಗೈಡ್ ನಿನಗೆ ಹೌದು ಎನ್ನಲೂ ಆಗದೆ, ಇಲ್ಲ ಎನ್ನಲೂ ಮನಸ್ಸಾಗದೆ ಸುಮ್ಮನಿದ್ದುಬಿಡುತ್ತಾರೆ. ಹಾಗೆ ಸುಮ್ಮನಿರುವುದು ಸರಿಯಲ್ಲ, ಒಂದು ಸಾಲು ಬರೆದು ತಿಳಿಸುವುದು ಅವರ ಕರ್ತವ್ಯ. ಆದರೆ ಅವರು ಬರೆಯಲಿಲ್ಲವೆಂದು ನೀನು ನಿನ್ನನ್ನೇ ಹಳಿದುಕೊಳ್ಳುವುದು ಅದಕ್ಕಿಂತ ದೊಡ್ಡ ತಪ್ಪು.

ಎರಡನೆಯದು: ಉತ್ತರ ಕೊಡಲು ಸುಲಭವಾಗುವಂಥ ಪ್ರಶ್ನೆಯನ್ನು ಕೇಳು. ನೀನು ಕಳಿಸಿದ ಮೇಲ್ ನನಗೆ ತೋರಿಸಿದೆಯಲ್ಲ, ಅದನ್ನು ಇನ್ನೊಮ್ಮೆ ಓದು. ಮೊದಲ ಪ್ಯಾರಾ ಪೂರ್ತಿ ಅವರ ಹೊಗಳಿಕೆ. ಎರಡನೆಯದರಲ್ಲಿ ಎಸ್ಸೆಸ್ಸೆಲ್ಸಿಯಿಂದ ಎಂ.ಎಸ್ಸಿ.ವರೆಗಿನ ಅಂಕಗಳು. ಕೊನೆಗೆ ‘ತಮ್ಮ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುವ ಅವಕಾಶ ದಯಪಾಲಿಸಬೇಕು’ ಎಂಬ ವಿನಂತಿ. ನಿನ್ನ ವಿಷಯ ಏನೆಂದು ಅದರಲ್ಲಿ ಎಲ್ಲೂ ಇಲ್ಲ. ವೃಷಭಾವತಿ ನದಿಯ ನೀರಿನಲ್ಲಿ ಬೆಳೆದ ಸೊಪ್ಪು ತರಕಾರಿಗೆ ಸೀಸ, ಕ್ಯಾಡ್ಮಿಯಂ ಎಷ್ಟು ಸೇರುತ್ತದೆ ಎಂಬ ಅಷ್ಟು ಒಳ್ಳೆಯ ಪ್ರಶ್ನೆ ನಿನ್ನ ತಲೆಯಲ್ಲಿದೆ, ಕಾಗದದ ಮೇಲೆ ಬಂದಿಲ್ಲ.

ಹೊಸದಾಗಿ ಬರೆ. ನಾನು ಇಂಥವಳು, ಇದನ್ನು ಓದಿದ್ದೇನೆ, ನೆಟ್ ಪರೀಕ್ಷೆಯಲ್ಲಿ ಇಷ್ಟು ಬಂದಿದೆ ಎಂದು ಎರಡು ಸಾಲು. ನಿನ್ನ ಪ್ರಶ್ನೆ ಮೂರು ಸಾಲು. ಅವರ ಒಂದು ಲೇಖನ ಓದಿ, ಅದರ ಯಾವ ಅಂಶ ನಿನ್ನ ಕೆಲಸಕ್ಕೆ ಕೂಡುತ್ತದೆ ಎಂದು ಒಂದು ಸಾಲು. ಕೊನೆಗೆ ನೇರವಾಗಿ ಕೇಳು: ‘ಸರ್, ಈ ಸಾಲಿನಲ್ಲಿ ತಮ್ಮಲ್ಲಿ ಖಾಲಿ ಜಾಗ ಇದೆಯೇ?’ ಜೊತೆಗೆ ಒಂದು ಪುಟದ ಟಿಪ್ಪಣಿ ಲಗತ್ತಿಸು. ಇಷ್ಟಾದರೆ ಓದಲು ಎರಡು ನಿಮಿಷ, ಉತ್ತರಿಸಲು ಅರ್ಧ ನಿಮಿಷ. ಹದಿನೈದು ದಿನ ಬಿಟ್ಟು ಅದೇ ಮೇಲ್‌ನ ಕೆಳಗೆ ಒಂದೇ ಒಂದು ನೆನಪೋಲೆ ಹಾಕು. ಅದಕ್ಕೂ ಉತ್ತರವಿಲ್ಲವೆಂದರೆ ಮೂರನೆಯದನ್ನು ಬರೆಯಬೇಡ, ಎದ್ದು ವಿಭಾಗಕ್ಕೇ ಹೋಗು.

ನೀನಿರುವುದು ನಾಗರಬಾವಿಯಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಪಕ್ಕದಲ್ಲೇ ಇದೆ. ದೂರದ ಊರಿನ ಮಕ್ಕಳು ಮೈಸೂರು ರಸ್ತೆಯ ಮೆಟ್ರೊ ಇಳಿದು, ಆಟೊ ಹಿಡಿದು, ವಿಭಾಗದ ಕಾರಿಡಾರ್‌ನಲ್ಲಿ ಫೈಲ್ ಎದೆಗವಚಿಕೊಂಡು ನಿಂತಿರುತ್ತಾರೆ. ‘ಸರ್ ಮೀಟಿಂಗ್‌ನಲ್ಲಿದ್ದಾರೆ, ನಾಳೆ ಬನ್ನಿ’ ಎಂದು ಅಟೆಂಡರ್ ಹೇಳುತ್ತಾನೆ. ನಾಳೆ ಹೋದರೆ ವ್ಯಾಲ್ಯುಯೇಷನ್, ನಾಡಿದ್ದು ಹೋದರೆ ರಜೆ. ಹಾಗೆ ಬಾಗಿಲು ಕಾಯುವ ಬದಲು ವಿಭಾಗದ ಕಚೇರಿಯಲ್ಲಿ ಅವರ ತರಗತಿಯ ವೇಳಾಪಟ್ಟಿ ಕೇಳಿಕೋ. ಕ್ಲಾಸ್ ಮುಗಿಸಿ ಬರುವ ಹೊತ್ತಿಗೆ ಎದುರಾಗಿ ನಮಸ್ಕಾರ ಹೇಳಿ, ಟಿಪ್ಪಣಿಯನ್ನು ಕೈಗೇ ಕೊಡು. ಅವರ ಬಳಿ ಈಗ ಸಂಶೋಧನೆ ಮಾಡುತ್ತಿರುವವರನ್ನು ಲೈಬ್ರರಿಯಲ್ಲೋ ಕ್ಯಾಂಟೀನ್‌ನಲ್ಲೋ ಹಿಡಿದು ಮಾತಾಡಿಸು. ಯಾರದು ಮುಗಿಯುತ್ತಾ ಬಂದಿದೆ, ಜಾಗ ಯಾವಾಗ ಆಗಬಹುದು, ಬರೆದುಕೊಟ್ಟ ಅಧ್ಯಾಯವನ್ನು ಎಷ್ಟು ದಿನದಲ್ಲಿ ಓದಿ ಕೊಡುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ನೀನು ಗೈಡನ್ನು ಒಪ್ಪಿಸಬೇಕು, ಸರಿಯೇ; ಆದರೆ ಅವರ ಕೈಕೆಳಗೆ ನಾಲ್ಕೈದು ವರ್ಷ ಕಳೆಯಬೇಕಾದವಳೂ ನೀನೇ. ಪರೀಕ್ಷೆ ಎರಡೂ ಕಡೆಯಿಂದ ನಡೆಯಲಿ.

ಮೂರನೆಯದು ನಾನು ಮುಖ್ಯವಾಗಿ ಹೇಳಬೇಕಾದದ್ದು. ಒಂದು ಬಾಗಿಲು ತೆರೆಯಲಿಲ್ಲವೆಂದು ಪ್ರಶ್ನೆಯನ್ನೇ ಕೈಬಿಡಬೇಡ. ರಾಜೇಶ್ವರಿ ಚಟರ್ಜಿ ಅವರ ಕಥೆ ನಿನಗೆ ಗೊತ್ತಿರಬೇಕು. ನಮ್ಮ ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದವರು. ಓದಿದ್ದು ಸೆಂಟ್ರಲ್ ಕಾಲೇಜಿನಲ್ಲಿ. ಅದೇ ಸೆಂಟ್ರಲ್ ಕಾಲೇಜನ್ನು ಬುಡವಾಗಿಟ್ಟುಕೊಂಡು 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿತು, ಮುಂದೆ ಜ್ಞಾನಭಾರತಿಯ ಸಾವಿರಕ್ಕೂ ಹೆಚ್ಚು ಎಕರೆಗೆ ಹರಡಿತು. ರಾಜೇಶ್ವರಿ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆಗೆ ಸೇರಬೇಕೆಂದು ಹೋದರು. ಭೌತಶಾಸ್ತ್ರದ ಪದವಿ ಇಲ್ಲ ಎಂಬ ಕಾರಣಕ್ಕೆ ಅಲ್ಲಿ ಅವಕಾಶ ಸಿಗಲಿಲ್ಲ. ಅವರು ಮನೆಗೆ ಮರಳಿ ಕೂರಲಿಲ್ಲ. 1943ರಲ್ಲಿ ಅದೇ ಸಂಸ್ಥೆಯ ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗಕ್ಕೆ ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. 1946ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ದೊರಕಿತು. ಮರುವರ್ಷ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಪಿಎಚ್‌.ಡಿ. ಪಡೆದು ಅದೇ ವಿಜ್ಞಾನ ಸಂಸ್ಥೆಗೆ ಅಧ್ಯಾಪಕಿಯಾಗಿ ಬಂದು, ಮೈಕ್ರೋವೇವ್ ಮತ್ತು ಆಂಟೆನಾ ಕ್ಷೇತ್ರದಲ್ಲಿ ದಶಕಗಳ ಕಾಲ ಕೆಲಸ ಮಾಡಿ, ಎಷ್ಟೋ ಮಂದಿಗೆ ತಾವೇ ಗೈಡ್ ಆದರು.

ರಾಜೇಶ್ವರಿ ಆ ಸಂಸ್ಥೆಗೆ ಸೇರುವುದಕ್ಕೂ ಹತ್ತು ವರ್ಷ ಹಿಂದೆ, 1933ರಲ್ಲಿ, ಮುಂಬಯಿಯಿಂದ ಬಂದ ಕಮಲಾ ಭಾಗವತ್ ಅವರಿಗೆ ಹೆಣ್ಣು ಎಂಬ ಕಾರಣಕ್ಕೇ ಅಲ್ಲಿ ಪ್ರವೇಶ ನಿರಾಕರಿಸಲಾಗಿತ್ತು. ಅವರು ಬೇರೆ ಬಾಗಿಲು ಹುಡುಕಲಿಲ್ಲ, ಅದೇ ಬಾಗಿಲಲ್ಲಿ ಹಠ ಹಿಡಿದರು. ಒಂದು ವರ್ಷ ಷರತ್ತಿನ ಮೇಲೆ ಕೆಲಸ ಮಾಡಿ ತೋರಿಸಿ ಪೂರ್ಣ ಪ್ರವೇಶ ಪಡೆದರು, ನಂತರ ಬಂದ ಹೆಣ್ಣುಮಕ್ಕಳಿಗೂ ದಾರಿ ಮಾಡಿದರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌.ಡಿ. ಪಡೆದ ಕಮಲಾ ಸೊಹೋನಿ ಅವರೇ. ಇಬ್ಬರ ದಾರಿಯೂ ಸರಿ. ನಿರಾಕರಣೆ ಅನ್ಯಾಯದ್ದಾದರೆ ನಿಂತು ಕೇಳು. ಜಾಗವಿಲ್ಲ ಎಂಬ ಕಾರಣಕ್ಕಾದರೆ ಪಕ್ಕದ ಬಾಗಿಲು ತಟ್ಟು. ಎರಡರಲ್ಲಿ ಯಾವುದೆಂದು ತಿಳಿಯಬೇಕಾದರೆ ಕಾರಣ ಕೇಳಿ ತಿಳಿದುಕೊಳ್ಳಲೇಬೇಕು.

ನಿನ್ನ ಪ್ರಶ್ನೆಗೂ ಬಾಗಿಲು ಒಂದೇ ಅಲ್ಲ. ಪರಿಸರ ವಿಜ್ಞಾನದಲ್ಲಿ ಜಾಗವಿಲ್ಲದಿದ್ದರೆ ಸಸ್ಯಶಾಸ್ತ್ರದವರನ್ನೋ ರಸಾಯನಶಾಸ್ತ್ರದವರನ್ನೋ ಕೇಳು. ಹೆಬ್ಬಾಳದಾಚೆಯ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲಿ ಮಣ್ಣಿನ ವಿಷಯವಾಗಿ ಕೆಲಸ ಮಾಡುವವರಿದ್ದಾರೆ. ನಿನ್ನ ಮನೆಗೆ ಹತ್ತಿರವೇ ಇರುವ ಸಮಾಜವಿಜ್ಞಾನ ಸಂಸ್ಥೆ ಐಸೆಕ್‌ನಲ್ಲಿ ಆ ನೀರು ಕಟ್ಟುವ ರೈತರ ಆದಾಯ, ಆರೋಗ್ಯದ ಕಡೆಯಿಂದ ಇದೇ ಪ್ರಶ್ನೆಯನ್ನು ಎತ್ತಬಹುದು.

ನಾಲ್ಕನೆಯದು: ಕಾಯುವ ದಿನಗಳನ್ನು ಕೆಲಸದ ದಿನಗಳನ್ನಾಗಿ ಮಾಡಿಕೋ. ವೃಷಭಾವತಿ ಮೈಸೂರು ರಸ್ತೆಯ ಮಗ್ಗುಲಲ್ಲೇ ಹರಿದು, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ. ನಗರದ ಚರಂಡಿ, ಕಾರ್ಖಾನೆಗಳ ಕೊಳೆಯೆಲ್ಲ ಅದರ ಜೊತೆಗೇ ಹೋಗುತ್ತದೆ. ಒಂದು ದಿನ ಬೈರಮಂಗಲಕ್ಕೆ ಹೋಗಿ ಬಾ. ಆ ನೀರು ಬಿಟ್ಟುಕೊಳ್ಳುವ ಹೊಲಗಳಲ್ಲಿ ಏನು ಬೆಳೆಯುತ್ತಾರೆ, ಮೊದಲು ಬೆಳೆಯುತ್ತಿದ್ದುದನ್ನು ಯಾಕೆ ಬಿಟ್ಟರು, ಬೋರ್‌ವೆಲ್ ನೀರು ಕುಡಿಯುತ್ತಾರೋ ಇಲ್ಲವೋ ಎಂದು ರೈತರನ್ನು ಕೇಳು. ಬಂದು ಅದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದಿಡು. ಈ ನದಿಯ ಮೇಲೆ ಈಗಾಗಲೇ ಬಂದಿರುವ ಪ್ರಬಂಧಗಳನ್ನು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೂತು ಓದಿ, ಯಾರು ಏನನ್ನು ಬಿಟ್ಟಿದ್ದಾರೆ ಎಂದು ಗುರುತು ಹಾಕಿಕೋ. ಸಂದರ್ಶನದ ಸಮಿತಿ ಎದುರಿಗೆ ಕೂತಾಗ ಈ ನೋಟ್‌ಬುಕ್ ನಿನ್ನ ಕೈ ಹಿಡಿಯುತ್ತದೆ. ಜೆಆರ್‌ಎಫ್ ಎಂಬ ಸಂಶೋಧನಾ ವೇತನದ ವರ್ಗ ಬಿಟ್ಟು ಉಳಿದ ವರ್ಗದಲ್ಲಿ ನೆಟ್ ಪಾಸಾದವರಿಗೆ ಪ್ರವೇಶದಲ್ಲಿ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ಎಂದು ಯುಜಿಸಿ ಇಟ್ಟಿದೆ. ಆ ಅಂಕಕ್ಕೆ ಬೆಲೆ ಒಂದೇ ವರ್ಷ. ಆದ್ದರಿಂದ ಒಬ್ಬರೇ ಗೈಡನ್ನು ನೆಚ್ಚಿ ವರ್ಷ ಕಳೆಯುವಂತಿಲ್ಲ. ಮುಂದಿನ ನೆಟ್‌ಗೂ ಓದುತ್ತಾ ಇರು. ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಮನೆಯವರ ಮೇಲೆ ಭಾರ ಬೀಳುವುದಿಲ್ಲ.

ಮನೆಯ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಮದುವೆ ಮುಂಜಿಗೆ ಹೋದರೆ ‘ಏನಾಯ್ತಮ್ಮ ನಿನ್ನ ಪಿಎಚ್‌.ಡಿ.?’ ಎಂದು ನೆಂಟರು ಕೇಳುತ್ತಾರೆ, ಅದು ಚುಚ್ಚುತ್ತದೆ. ಅಪ್ಪ ಅಮ್ಮನ ಹತ್ತಿರ ಕೂತು, ಇಂಥ ತಿಂಗಳವರೆಗೆ ಪ್ರಯತ್ನ ಮಾಡುತ್ತೇನೆ, ಆಗದಿದ್ದರೆ ಕೆಲಸಕ್ಕೆ ಸೇರಿಕೊಂಡೇ ಮುಂದಿನ ಸಾಲಿಗೆ ಅರ್ಜಿ ಹಾಕುತ್ತೇನೆ ಎಂದು ಗಡುವು ಹೇಳು. ಗಡುವು ತಿಳಿದ ಮೇಲೆ ಅವರ ಆತಂಕವೂ ಅರ್ಧ ಇಳಿಯುತ್ತದೆ. ವಯಸ್ಸು ಮೀರುತ್ತದೆ ಎನ್ನುವವರಿಗೆ ಎಚ್. ನರಸಿಂಹಯ್ಯನವರ ಹೆಸರು ಹೇಳು. ನ್ಯಾಷನಲ್ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದ ಮೇಲೆ ಅವರು ಅಮೆರಿಕದ ಒಹಾಯೊಗೆ ಹೋಗಿ, 1960ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಪಡೆದರು. 1970ರ ದಶಕದಲ್ಲಿ ಇದೇ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಅವರು.

ಕೊನೆಯದಾಗಿ ಒಂದು ಎಚ್ಚರಿಕೆ. ಸೀಟು ಕೊಡಿಸುತ್ತೇನೆ ಎಂದು ದುಡ್ಡು ಕೇಳುವವರು ಸಿಕ್ಕರೆ ಅಲ್ಲಿಂದಲೇ ಹಿಂದಿರುಗು. ಪ್ರವೇಶಕ್ಕೂ ಮೊದಲೇ ಮನೆಗೆಲಸ, ಟೈಪಿಂಗ್ ಎಂದು ಬಿಟ್ಟಿ ದುಡಿಸಿಕೊಳ್ಳುವವರು, ಹೊತ್ತಲ್ಲದ ಹೊತ್ತಿನಲ್ಲಿ ಕರೆಯುವವರು ಎಷ್ಟೇ ದೊಡ್ಡ ವಿದ್ವಾಂಸರಾದರೂ ನಿನ್ನ ಗೈಡ್ ಆಗಲು ತಕ್ಕವರಲ್ಲ. ಸೇರುವ ಮೊದಲೇ ಮರ್ಯಾದೆ ಕೊಡದವರು ಸೇರಿದ ಮೇಲೆ ಕೊಡುವುದಿಲ್ಲ.

ಈ ವಾರ ಟಿಪ್ಪಣಿ ಹೊಸದಾಗಿ ಬರೆದು ನನಗೆ ತಂದು ತೋರಿಸು, ನಾನು ತಿದ್ದಿಕೊಡುತ್ತೇನೆ. ಮುಂದಿನ ವಾರ ಅದನ್ನು ಹಿಡಿದು ವಿಭಾಗಕ್ಕೆ ಹೋಗಿ, ಜಾಗ ಇದೆಯೇ ಎಂದು ತಲೆಯೆತ್ತಿ ಕೇಳು. ಇದೆ ಎಂದರೆ ಸಂತೋಷ. ಇಲ್ಲ ಎಂದರೆ ವಂದಿಸಿ, ಅದೇ ದಿನ ಇನ್ನೊಬ್ಬರಿಗೆ ಬರೆ. ಮೊದಲು ಹೋಗಿ ಹೊಟ್ಟೆ ತುಂಬ ಊಟ ಮಾಡು.