ಪಂಪ್ ಬಿಚ್ಚುವ ಮುನ್ನ ಪೈಪ್ ನೋಡಿ

ಮಲೆನಾಡಿನ ತೋಟಗಳಲ್ಲಿ, ಕೊಡಗಿನ ಎಸ್ಟೇಟ್ ದಾರಿಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದ ಮಹೀಂದ್ರ ಜೀಪುಗಳು ಇನ್ನೂ ಓಡುತ್ತಿವೆ. ಈ ಹಳೆಯ ಡೀಸೆಲ್ ಗಾಡಿಗಳಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಸ್ಪಾರ್ಕ್ ಪ್ಲಗ್ಗೂ ಇಲ್ಲ. ಸಿಲಿಂಡರಿನೊಳಗೆ ಬಂದ ಗಾಳಿ ಸುಮಾರು ಹದಿನೆಂಟರಿಂದ ಇಪ್ಪತ್ತೆರಡರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿಹೋಗಿ ಕಾಯುತ್ತದೆ. ಆ ಹೊತ್ತಿಗೆ ಸರಿಯಾಗಿ ಡೀಸೆಲ್ ಸಿಂಪಡಣೆಯಾದರೆ ಹೊತ್ತಿಕೊಳ್ಳುತ್ತದೆ. ಗಾಳಿ, ಒತ್ತಡ, ಡೀಸೆಲ್, ಹೊತ್ತು: ತಪ್ಪು ಈ ನಾಲ್ಕರಲ್ಲೇ ಎಲ್ಲೋ ಇರುತ್ತದೆ.

ಆದರೆ ಗಾಡಿ ಎಳೆಯುತ್ತಿಲ್ಲ ಎಂದು ಗ್ಯಾರೇಜಿಗೆ ಹೋದರೆ ಬಹಳ ಕಡೆ ಮೊದಲು ಸಿಗುವ ಉತ್ತರ, ‘ಪಂಪ್ ಹೋಗಿದೆ ಸಾರ್, ಬಿಚ್ಚಿ ಕಳಿಸ್ಬೇಕು.’ ಈ ಪಂಪುಗಳನ್ನು ತಯಾರಿಸುತ್ತಿದ್ದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇಂದಿಗೂ ಮೈಕೋ ಪಂಪೇ. ಶುದ್ಧ ಡೀಸೆಲ್ ಸಿಕ್ಕಿದರೆ ಆ ಪಂಪ್ ಸುಲಭಕ್ಕೆ ಕೆಡುವಂಥದ್ದಲ್ಲ. ಅದನ್ನು ಬಿಚ್ಚಿಸುವುದು ಕೊನೆಯ ಕೆಲಸ. ಅದಕ್ಕೂ ಮೊದಲು ಖರ್ಚಿಲ್ಲದ ಪರೀಕ್ಷೆಗಳು ಸಾಕಷ್ಟಿವೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಫಿಲ್ಟರ್, ನಾಜಲ್, ಟ್ಯಾಪೆಟ್ ಎಲ್ಲವನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಇನ್ನಷ್ಟು ಕೆಟ್ಟಿತು ಎಂಬುದೇ ತಿಳಿಯುವುದಿಲ್ಲ.

ಎಚ್ಚರಿಕೆಯ ಮಾತೊಂದನ್ನು ಇಲ್ಲೇ ಹೇಳಬೇಕು. ಇಲ್ಲಿರುವುದು ಮೆಕ್ಯಾನಿಕಲ್ ಪಂಪಿನ ಹಳೆಯ ಗಾಡಿಗಳಿಗೆ ಮಾತ್ರ. ಕಾಮನ್ ರೈಲ್ ಇರುವ ಗಾಡಿಗಳಲ್ಲಿ ಡೀಸೆಲ್ ಒತ್ತಡ ಸಾವಿರ ಬಾರ್ ದಾಟಬಲ್ಲದು. ಇಂಜಿನ್ ಓಡುವಾಗ ಅದರ ಪೈಪಿಗೆ ಸ್ಪ್ಯಾನರ್ ಹಾಕಲೇಬಾರದು.

ಸೆಲ್ಫ್ ಹೊಡೆದಾಗ ಹೊಗೆ ನೋಡಿ

ಸ್ಟಾರ್ಟ್ ಆಗದ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಬಹಳ ಕೆಳಗೆ ಬಿದ್ದರೆ ಬ್ಯಾಟರಿ, ಟರ್ಮಿನಲ್ ಅಥವಾ ಅರ್ಥ್ ಪಟ್ಟಿಯ ಕಡೆ ಗಮನ ಕೊಡಿ. ಇಂಜಿನ್ ನಿಧಾನ ತಿರುಗಿದರೆ ಗಾಳಿ ಸಾಕಷ್ಟು ಕಾಯುವುದೇ ಇಲ್ಲ.

ಇಂಜಿನ್ ಚೆನ್ನಾಗಿ ತಿರುಗುತ್ತಿದ್ದರೆ ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಸೈಲೆನ್ಸರ್ ಬಾಯಿ ನೋಡಲಿ. ಹೊಗೆಯೇ ಇಲ್ಲವೆಂದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲ. ಸ್ಟಾಪ್ ಕೇಬಲ್ ಎಳೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆಯೇ, ಪಂಪಿನ ಸಾಲೆನಾಯ್ಡ್ ತಂತಿಗೆ ಕರೆಂಟ್ ಬರುತ್ತಿದೆಯೇ ನೋಡಿ. ಬಿಳಿ ಹೊಗೆ ಬರುತ್ತಿದ್ದೂ ಹತ್ತಿಕೊಳ್ಳದಿದ್ದರೆ ಡೀಸೆಲ್ ಬರುತ್ತಿದೆ, ಶಾಖ ಸಾಲುತ್ತಿಲ್ಲ. ಹೀಟರ್ ಪ್ಲಗ್ ಇರುವ ಇಂಜಿನ್ನಾದರೆ ಪ್ಲಗ್‌ಗಳನ್ನು ಜೋಡಿಸುವ ಪಟ್ಟಿ ಬಿಚ್ಚಿ, 12 ವೋಲ್ಟ್ ಬಲ್ಬಿನ ಒಂದು ತಂತಿಯನ್ನು ಬ್ಯಾಟರಿಯ ಪಾಸಿಟಿವ್‌ಗೂ ಇನ್ನೊಂದನ್ನು ಒಂದೊಂದೇ ಪ್ಲಗ್ಗಿನ ತುದಿಗೂ ಮುಟ್ಟಿಸಿ. ಬಲ್ಬ್ ಉರಿಯದ ಪ್ಲಗ್ ಸತ್ತಿದೆ. ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ ಈ ಪ್ಲಗ್ ಇರುವುದಿಲ್ಲ.

ಏರ್ ಎಳೆಯುವ ಕಾಯಿಲೆ

ಹಳೆಯ ಡೀಸೆಲ್ ಗಾಡಿಗಳ ತೊಂದರೆಗಳಲ್ಲಿ ಅತಿ ಸಾಮಾನ್ಯವೂ ಅತಿ ಹೆಚ್ಚು ದಾರಿ ತಪ್ಪಿಸುವಂಥದ್ದೂ ಇದೇ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಸಿಕೊಳ್ಳುತ್ತದೆ. ಒಮ್ಮೆ ಸ್ಟಾರ್ಟ್ ಆದರೆ ಹಗಲಿಡೀ ಸರಿ. ಏರುದಾರಿಯಲ್ಲಿ ಮಾತ್ರ ಜಗ್ಗುತ್ತದೆ, ಟ್ಯಾಂಕ್ ಅರ್ಧಕ್ಕಿಂತ ಕಡಿಮೆಯಾದಾಗ ಇನ್ನೂ ಹೆಚ್ಚು. ಇದನ್ನು ಕಂಡು ಪಂಪ್ ಬಿಚ್ಚಿಸಿದವರೆಷ್ಟೋ!

ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ ಬರುವುದು ಎಳೆತದಿಂದ. ಆ ಭಾಗದ ಪೈಪಿನಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರಬೇಕೆಂದಿಲ್ಲ, ಗಾಳಿ ಒಳಗೆ ಹೋಗುತ್ತದೆ. ‘ಎಲ್ಲೂ ಲೀಕ್ ಇಲ್ವಲ್ಲ’ ಎಂದು ನೆಲ ನೋಡಿ ಹೇಳುವುದರಲ್ಲಿ ಅರ್ಥವಿಲ್ಲ. ರಬ್ಬರ್ ಪೈಪನ್ನು ಬಗ್ಗಿಸಿದಾಗ ಸೀಳು ಕಾಣುತ್ತದೆಯೇ, ಕ್ಲಿಪ್ ಸಡಿಲವಾಗಿದೆಯೇ, ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಚಪ್ಪಟೆಯಾಗಿದೆಯೇ ನೋಡಬೇಕು. ರೋಟರಿ ಪಂಪಿನ ಹಲವು ಗಾಡಿಗಳಲ್ಲಿ ಫಿಲ್ಟರ್ ಕೂಡ ಎಳೆತದ ಬದಿಗೇ ಇರುವುದರಿಂದ ಅದರ ರಬ್ಬರ್ ರಿಂಗ್ ಸಹ ಸಂಶಯಕ್ಕೆ ಒಳಗಾಗಬೇಕು.

ಪತ್ತೆ ಹಚ್ಚಲು ಫೀಡ್ ಪಂಪಿಗೆ ಮುಂಚೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ, ಇಂಜಿನ್ ಓಡಿಸಿ. ಮೊದಲ ಒಂದೆರಡು ನಿಮಿಷ ಗುಳ್ಳೆ ಬರುವುದು ಸಹಜ. ಆಮೇಲೂ ಗುಳ್ಳೆಯ ಸಾಲು ನಿಲ್ಲದಿದ್ದರೆ ಟ್ಯಾಂಕಿನ ಕಡೆಯಿಂದ ಗಾಳಿ ಬರುತ್ತಿದೆ. ಇನ್ನೂ ಖಚಿತವಾಗಬೇಕೆಂದರೆ ಶುದ್ಧ ಡೀಸೆಲ್ ತುಂಬಿದ ಐದು ಲೀಟರಿನ ಕ್ಯಾನನ್ನು ಇಂಜಿನ್ನಿಗಿಂತ ಎತ್ತರದಲ್ಲಿ, ಬಿಸಿ ಭಾಗಗಳಿಂದ ದೂರ ಇಟ್ಟು, ಹೊಸ ಪೈಪಿನಲ್ಲಿ ನೇರ ಫೀಡ್ ಪಂಪಿಗೆ ಕೊಡಿ. ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಿ. ಗಾಡಿ ನಿಲ್ಲಿಸಿಕೊಂಡೇ ರೇಸ್ ಮಾಡಿ ನೋಡಿ. ತೊಂದರೆ ಮಾಯವಾದರೆ ತಪ್ಪು ಟ್ಯಾಂಕಿಗೂ ಪಂಪಿಗೂ ನಡುವೆ, ಹಾಗೇ ಉಳಿದರೆ ಮುಂದೆ. ಇಷ್ಟು ಸ್ಪಷ್ಟ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕೆಲವು ಕಿಲೋಮೀಟರ್ ಓಡಿ ಶಕ್ತಿ ಕಳೆದುಕೊಂಡು, ಸ್ವಲ್ಪ ಹೊತ್ತು ನಿಲ್ಲಿಸಿದರೆ ತಾನಾಗಿ ಸರಿಹೋಗುವ ಗಾಡಿಗಳಿವೆ. ಹಾಗಾದಾಗ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿ ಒಳನುಗ್ಗುವ ಸದ್ದು ಕೇಳಿದರೆ ಮುಚ್ಚಳದ ಗಾಳಿಕಿಂಡಿ ಕಟ್ಟಿದೆ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಾದರೆ ಇನ್ನೊಂದು ತೊಂದರೆಯೂ ಉಂಟು. ಅರ್ಧ ಖಾಲಿ ಟ್ಯಾಂಕಿನೊಳಗೆ ತೇವ ನೀರಾಗಿ ಇಳಿದು, ಆ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಅದು ಟ್ಯಾಂಕಿನೊಳಗಿನ ಜಾಲರಿಗೆ ಅಂಟಿದರೆ ಹೊಸ ಫಿಲ್ಟರ್ ಹಾಕಿಯೂ ಪ್ರಯೋಜನವಿಲ್ಲ, ಟ್ಯಾಂಕ್ ಇಳಿಸಿ ತೊಳೆಯಲೇಬೇಕು. ಜೂನ್‌ಗೆ ಮುಂಚೆ ಟ್ಯಾಂಕ್ ತುಂಬಿಸಿ ನಿಲ್ಲಿಸಿದರೆ ಈ ಕಾಟ ಬಹುಪಾಲು ತಪ್ಪುತ್ತದೆ.

ಏರ್ ತೆಗೆಯುವುದು ಹೀಗೆ: ಫಿಲ್ಟರಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತುತ್ತಾ ಗುಳ್ಳೆಯಿಲ್ಲದ ಡೀಸೆಲ್ ಬರುವಾಗಲೇ ಬಿಗಿ ಮಾಡಿ. ಪಂಪಿನ ಬ್ಲೀಡ್ ಸ್ಕ್ರೂಗೂ ಇದೇ ಕ್ರಮ. ಸೆಲ್ಫನ್ನು ಒಮ್ಮೆಗೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ.

ಓಡುವಾಗಿನ ಹೊಗೆ

ಕಪ್ಪು ಹೊಗೆ ಬಂದರೆ ಒಳಬರುವ ಗಾಳಿಗೆ ಡೀಸೆಲ್ ಹೆಚ್ಚಾಗಿದೆ. ಮೊದಲು ಏರ್ ಫಿಲ್ಟರ್, ಆಮೇಲೆ ನಾಜಲ್. ನೀಲಿ ಹೊಗೆ ಆಯಿಲ್ ಉರಿಯುವುದರ ಗುರುತು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ವಾಸನೆ ಗಮನಿಸಿ. ಕಣ್ಣುರಿ ತರಿಸುವ ಡೀಸೆಲ್ ವಾಸನೆಯಾದರೆ ಟೈಮಿಂಗ್, ಕಂಪ್ರೆಷನ್ ಅಥವಾ ನಾಜಲ್ ತೊಂದರೆ. ಬರೀ ಹಬೆಯಾಗಿದ್ದು, ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ.

ಹಳೆಯ ಜೀಪುಗಳ ಆಯಿಲ್ ಬಾತ್ ಏರ್ ಫಿಲ್ಟರಿನಲ್ಲಿ ಗುರುತಿಗಿಂತ ಹೆಚ್ಚು ಆಯಿಲ್ ಹಾಕಬಾರದು. ಇಂಜಿನ್ ಆ ಆಯಿಲನ್ನೇ ಎಳೆದುಕೊಂಡು ತಾನಾಗಿ ರೇಸ್ ಆಗತೊಡಗಬಹುದು. ಆಗ ಡೀಸೆಲ್ ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ. ಗಾಳಿಯ ಬಾಯಿಯನ್ನು ಹಲಗೆಯಿಂದ ಮುಚ್ಚಬೇಕು, ಕೈಯಿಂದ ಎಂದೂ ಅಲ್ಲ.

ಮಿಸ್ಸಿಂಗ್ ಯಾವ ಸಿಲಿಂಡರಿನದು?

ಐಡ್ಲಿಂಗ್‌ನಲ್ಲಿ ಇಂಜಿನ್ ಕುಣಿಯುತ್ತಿದ್ದರೆ ಇಂಜೆಕ್ಟರಿನ ಪೈಪ್ ನಟ್ಟನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿ, ಬಿಗಿ ಮಾಡಿ, ಮುಂದಿನದಕ್ಕೆ ಹೋಗಿ. ಸಡಿಲಿಸಿದಾಗ ಇಂಜಿನ್ನಿನ ಸದ್ದು ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ. ಏನೂ ಬದಲಾಗದಿದ್ದರೆ ತಪ್ಪಿತಸ್ಥ ಅದೇ. ನಟ್ಟಿನ ಮೇಲೆ ದಪ್ಪ ಬಟ್ಟೆ ಇರಲಿ, ಕಣ್ಣಿಗೆ ಕನ್ನಡಕ ಇರಲಿ, ಲುಂಗಿ, ಶಾಲಿನ ತುದಿ ಫ್ಯಾನಿನಿಂದ ದೂರವಿರಲಿ. ಚಿಮ್ಮುವ ಡೀಸೆಲ್‌ಗೆ ಬೆರಳೊಡ್ಡಬೇಡಿ. ಅದು ಚರ್ಮದೊಳಗೆ ನುಗ್ಗಬಲ್ಲದು. ನುಗ್ಗಿದರೆ ಗಾಯ ಸೂಜಿಮೊನೆಯಷ್ಟೇ ಇದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ತಪ್ಪಿತಸ್ಥ ಸಿಲಿಂಡರ್ ಸಿಕ್ಕಿದ ಮೇಲೆ ಅದರ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿಗೆ ಅದಲುಬದಲು ಮಾಡಿ, ಹೊಸ ವಾಷರ್ ಹಾಕಿ. ಮಿಸ್ಸಿಂಗ್ ಇಂಜೆಕ್ಟರ್ ಜೊತೆಗೇ ಹೋದರೆ ನಾಜಲ್ ಬದಲಿಸಿದರೆ ಸಾಕು. ಅಲ್ಲೇ ಉಳಿದರೆ ಟ್ಯಾಪೆಟ್ ಗ್ಯಾಪ್, ಆಮೇಲೆ ಕಂಪ್ರೆಷನ್ ಪರೀಕ್ಷೆ. ಆಯಿಲ್ ಮುಚ್ಚಳ ತೆಗೆದಾಗ ಜೋರಾಗಿ ಹೊಗೆ ಉಗುಳುತ್ತಿದ್ದರೆ, ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಎನ್ನುವುದು ಅದನ್ನೇ, ರಿಂಗ್ ಮತ್ತು ಬೋರ್ ಸವೆದಿರುವ ಸಾಧ್ಯತೆ ಹೆಚ್ಚು.

ಐಡ್ಲಿಂಗ್ ಏರಿಳಿಯುತ್ತಲೇ ಇದ್ದರೆ ಮೊದಲು ಮತ್ತೆ ಏರ್ ಪರೀಕ್ಷೆಯನ್ನೇ ಮಾಡಿ. ಕೆಲವು ಹಳೆಯ ಪಂಪುಗಳ ಗವರ್ನರಿನಲ್ಲಿ ಡಯಾಫ್ರಾಮ್ ಇರುತ್ತದೆ. ಅದು ಹರಿದಿದ್ದರೂ ಹೀಗಾಗುತ್ತದೆ, ಬದಲಿಸಲು ಇಡೀ ಪಂಪಿನ ರಿಪೇರಿ ಬೇಕಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಗಾಡಿ ಸರಿಹೋಗದಿದ್ದರೆ ಮಾತ್ರ ಪಂಪ್ ಕಳಿಸಿ. ಟೆಸ್ಟ್ ಬೆಂಚ್ ಇರುವ ಅಂಗಡಿಗೇ ಕೊಡಿ, ಇಂಜೆಕ್ಟರುಗಳನ್ನೂ ಜೊತೆಗೆ ಕಳಿಸಿ, ಪಂಪ್ ಬಿಚ್ಚುವ ಮುನ್ನ ಟೈಮಿಂಗ್ ಗುರುತುಗಳ ಫೋಟೊ ತೆಗೆದಿಟ್ಟುಕೊಳ್ಳಿ, ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ.