ಡ್ಯೂಟಿ ಬಿಡದೆ ಬಿಎಸ್ಸಿ ನರ್ಸಿಂಗ್

ಪ್ರಶ್ನೆ: ನಾನು ಉಮರ್ಗಾದಾಗ ಒಂದು ಖಾಸಗಿ ದವಾಖಾನಿಯಾಗ ಸ್ಟಾಫ್ ನರ್ಸ್ ಇದ್ದೀನಿ. ಜಿಎನ್‌ಎಂ ಬೀದರ ಕಡಿ ಮಾಡೀನಿ. ಮನಿ, ಮಕ್ಕಳು, ನೈಟ್ ಡ್ಯೂಟಿ ಎಲ್ಲಾ ಬಿಟ್ಟು ಕಾಲೇಜಿಗಿ ಹೋಗಿ ಕೂಡೋದು ಆಗಂಗಿಲ್ಲ. ನೌಕರಿ ಮಾಡಕೋತ ದೂರಶಿಕ್ಷಣದಾಗ ಬಿಎಸ್ಸಿ ನರ್ಸಿಂಗ್ ಆಗತದೇನು? ಆ ಡಿಗ್ರಿಗಿ ಕಿಮ್ಮತ್ತು ಅದ ಏನು? ಒಬ್ಬ ಏಜೆಂಟ್ ‘ಹಾಜರಿ ಬ್ಯಾಡ, ಪರೀಕ್ಷಾಕ ಬಂದ್ರ ಸಾಕು’ ಅಂತಾನ. ಉದಗೀರದಾಗ ನನ್ನ ಮೈದುನ ಬ್ರದರ್ ಅದಾನ, ನಿಲಂಗಾ ಕಡಿ ಹಳ್ಯಾಗ ನನ್ನ ಗೆಳತಿ ಎಎನ್‌ಎಂ ಅದಾಳ. ಅವರಿಗೂ ಇದು ಬರತದೇನು?
— ಓದುಗಿ, ಉಮರ್ಗಾ

ಉತ್ತರ: ಆಗುತ್ತದೆ. ಆದರೆ ಅದಕ್ಕೆ ಇರುವುದು ಒಂದೇ ದಾರಿ, ಮತ್ತು ಅದು ನಿಮ್ಮ ಏಜೆಂಟ್ ತೋರಿಸುತ್ತಿರುವ ದಾರಿಯಲ್ಲ.

ಪಿಯುಸಿ ಮುಗಿಸಿ ನೇರವಾಗಿ ಸೇರುವ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಅನ್ನು ದೇಶದಲ್ಲಿ ಎಲ್ಲಿಯೂ ದೂರಶಿಕ್ಷಣದಲ್ಲಿ ಓದಲು ಬರುವುದಿಲ್ಲ. ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸುಗಳ ಬಗ್ಗೆ ಯುಜಿಸಿ 2020ರಲ್ಲಿ ಮಾಡಿದ ನಿಯಮಾವಳಿಯ ಪ್ರಕಾರ ವೈದ್ಯಕೀಯ, ಎಂಜಿನಿಯರಿಂಗ್, ಫಾರ್ಮಸಿಯಂತೆ ನರ್ಸಿಂಗ್ ಕೂಡ ಸಾಮಾನ್ಯವಾಗಿ ಈ ಬಗೆಯಲ್ಲಿ ಕಲಿಸಬಾರದ ವಿಷಯ. ಆದರೆ ಜಿಎನ್‌ಎಂ ಮುಗಿಸಿ, ರಿಜಿಸ್ಟ್ರೇಷನ್ ಪಡೆದು, ವಾರ್ಡಿನಲ್ಲಿ ದುಡಿಯುತ್ತಿರುವವರಿಗಾಗಿಯೇ ಇರುವ ಪದವಿ ಬೇರೆ. ಅದರ ಹೆಸರು ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್. ಇದರಲ್ಲಿ ಎರಡು ಬಗೆಗಳನ್ನು ಭಾರತೀಯ ನರ್ಸಿಂಗ್ ಕೌನ್ಸಿಲ್ ಒಪ್ಪಿದೆ: ಕಾಲೇಜಿಗೆ ಹೋಗಿ ಓದುವ ಎರಡು ವರ್ಷದ್ದು ಒಂದು, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಅಂದರೆ ಇಗ್ನೊ ನಡೆಸುವ ಮೂರು ವರ್ಷದ್ದು ಇನ್ನೊಂದು. ಇಗ್ನೊ ಇದನ್ನು 1994ರಿಂದ ನಡೆಸಿಕೊಂಡು ಬಂದಿದೆ. ನಿಮಗೆ ಹೊಂದುವುದು ಈ ಎರಡನೆಯದು.

ಪಿಯುಸಿಯ ಜೊತೆಗೆ ಜಿಎನ್‌ಎಂ ಆಗಿದ್ದರೆ, ನರ್ಸ್ ಮತ್ತು ಸೂಲಗಿತ್ತಿಯಾಗಿ ರಿಜಿಸ್ಟರ್ ಆದ ಮೇಲೆ ಕನಿಷ್ಠ ಎರಡು ವರ್ಷದ ಅನುಭವ ಬೇಕು. ಹತ್ತನೆಯ ತರಗತಿಯ ಮೇಲೆಯೇ ಜಿಎನ್‌ಎಂ ಮಾಡಿದ ಹಳಬರಿಗೆ ಐದು ವರ್ಷ. ಈ ಲೆಕ್ಕ ರಿಜಿಸ್ಟ್ರೇಷನ್ ತಾರೀಖಿನಿಂದ ಶುರುವಾಗುತ್ತದೆ, ಪರೀಕ್ಷೆ ಪಾಸಾದ ದಿನದಿಂದಲ್ಲ, ಕೆಲಸಕ್ಕೆ ಸೇರಿದ ದಿನದಿಂದಲೂ ಅಲ್ಲ. ಫಲಿತಾಂಶ ಬಂದೊಡನೆ ದವಾಖಾನೆ ಸೇರಿ, ರಿಜಿಸ್ಟ್ರೇಷನ್ ಆಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟವರು ಅರ್ಜಿ ಹಾಕುವ ಹೊತ್ತಿಗೆ ಎಡವುವುದು ಇಲ್ಲಿಯೇ. ಅರ್ಹತೆ ಇದ್ದವರೆಲ್ಲ ಇಗ್ನೊದ ಪ್ರವೇಶ ಪರೀಕ್ಷೆ ಬರೆಯಬೇಕು. ಅದರಲ್ಲಿ ಹೆಚ್ಚಿನ ಪಾಲು ನೀವು ಜಿಎನ್‌ಎಂನಲ್ಲಿ ಓದಿದ್ದೇ.

ಇನ್ನು ನಿಮ್ಮ ಊರಿನ ತೊಡಕು. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಗಡಿಯಲ್ಲಿ ಬದುಕುವವರಿಗೆ ಮಾತ್ರ ಬರುವ ತೊಡಕು ಇದು. ನಿಲಂಗಾ ಮತ್ತು ಉದಗೀರ 1956ರವರೆಗೆ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅಹಮದಪುರದ ಜೊತೆ ಅವು ಆಗಿನ ಮುಂಬಯಿ ರಾಜ್ಯಕ್ಕೆ ಹೋದವು. ಬೀಗತನ, ಮಠ, ಸಂತೆ, ಆಸ್ಪತ್ರೆ ಯಾವುದೂ ಆ ಗೆರೆಯನ್ನು ಲೆಕ್ಕಿಸಲಿಲ್ಲ. ಹೆಣ್ಣುಮಕ್ಕಳು ಓದಲು ಬೀದರಕ್ಕೋ ಕಲಬುರಗಿಗೋ ಬರುತ್ತಾರೆ, ನೌಕರಿಗೆ ಉಮರ್ಗಾಕ್ಕೋ ಲಾತೂರಿಗೋ ಮರಳುತ್ತಾರೆ. ಆದರೆ ನರ್ಸುಗಳ ರಿಜಿಸ್ಟರ್ ಮಾತ್ರ ರಾಜ್ಯ ರಾಜ್ಯಕ್ಕೆ ಬೇರೆ. ನೀವು ಬೀದರ ಕಡೆ ಓದಿದವರು, ಆದ್ದರಿಂದ ನಿಮ್ಮ ಹೆಸರು ಬೆಂಗಳೂರಿನ ಕರ್ನಾಟಕ ಕೌನ್ಸಿಲ್‌ನಲ್ಲಿ ಇರುತ್ತದೆ. ಆದರೆ ಸೂಜಿ ಚುಚ್ಚುವ ನಿಮ್ಮ ಕೈ ಮಹಾರಾಷ್ಟ್ರದಲ್ಲಿದೆ. ಅಲ್ಲಿ ಮಹಾರಾಷ್ಟ್ರದ 1966ರ ನರ್ಸುಗಳ ಕಾಯ್ದೆ ನಡೆಯುತ್ತದೆ, ರಿಜಿಸ್ಟರ್ ಮುಂಬಯಿಯ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿದೆ.

ಇದಕ್ಕೆ ಹೆದರಬೇಕಾಗಿಲ್ಲ. ಮಾನ್ಯತೆ ಇರುವ ಅರ್ಹತೆಯನ್ನು ಯಾವ ರಾಜ್ಯದಲ್ಲಿ ಪಡೆದಿದ್ದರೂ ಬೇರೆ ರಾಜ್ಯದ ರಿಜಿಸ್ಟರಿಗೆ ಸೇರಲು ಅದು ಸಾಕು ಎಂಬುದನ್ನು ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ 1947ರ ಕಾಯ್ದೆಯೇ ಹೇಳಿತ್ತು. ಕರ್ನಾಟಕ ಕೌನ್ಸಿಲ್‌ನಿಂದ ಎನ್‌ಒಸಿ ತೆಗೆದುಕೊಂಡು ಮುಂಬಯಿಯಲ್ಲಿ ಹೆಸರು ಹಚ್ಚಿಸಬೇಕು, ಅಷ್ಟೇ. ನೀವು ಇದನ್ನು ಮಾಡಿಸಿದ್ದೀರೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ. ಮಾಡಿಸದೆ ಇದ್ದರೆ ಬಿಎಸ್ಸಿಯ ಮಾತು ಆಮೇಲೆ, ಇದು ಮೊದಲು. ಉಮರ್ಗಾದ ಅನುಭವ ಪತ್ರ ಹಿಡಿದು ಹೋದಾಗ, ಆ ವರ್ಷಗಳಲ್ಲಿ ನೀವು ಆ ರಾಜ್ಯದಲ್ಲಿ ರಿಜಿಸ್ಟರ್ ಆಗಿದ್ದಿರಾ ಎಂದು ಯಾರಾದರೂ ಕೇಳಿದರೆ ಕೈಯಲ್ಲಿ ಕಾಗದ ಇರಬೇಕು.

ಅನುಭವ ಪತ್ರವೂ ಸುಲಭದ್ದಲ್ಲ. ಸಣ್ಣ ಊರಿನ ಎಷ್ಟೋ ಖಾಸಗಿ ದವಾಖಾನೆಗಳಲ್ಲಿ ನೇಮಕಾತಿ ಪತ್ರವೇ ಕೊಡುವುದಿಲ್ಲ, ಪಗಾರ ಲಕೋಟೆಯಲ್ಲಿ ಬರುತ್ತದೆ. ಡಾಕ್ಟರ ಹತ್ತಿರ ಈಗಲೇ ಮಾತಾಡಿ, ಲೆಟರ್‌ಹೆಡ್ಡಿನ ಮೇಲೆ ಸೇರಿದ ತಾರೀಖು, ಹುದ್ದೆ, ಹಾಸಿಗೆಗಳ ಸಂಖ್ಯೆ ಬರೆಸಿಕೊಳ್ಳಿ. ಪಗಾರ ಬ್ಯಾಂಕಿಗೆ ಹಾಕಿ ಎಂದು ಕೇಳಿ. ಕೇಳಲು ಸಂಕೋಚವಾಗುತ್ತದೆ ಎಂದು ಗೊತ್ತು. ಆದರೆ ರಾತ್ರಿಯಿಡೀ ಅವರ ರೋಗಿಗಳನ್ನು ಕಾಯುವ ನಿಮಗೆ ಅಷ್ಟು ಕೇಳುವ ಹಕ್ಕು ಖಂಡಿತ ಇದೆ.

ಈಗ ಏಜೆಂಟನ ಮಾತು. ಅವನು ಹೇಳುತ್ತಿರುವುದು ದೂರಶಿಕ್ಷಣವನ್ನೇ ಅಲ್ಲ. ಯಾವುದೋ ಕಾಲೇಜಿನ ಎರಡು ವರ್ಷದ ರೆಗ್ಯುಲರ್ ಸೀಟನ್ನು ‘ನಾನ್-ಅಟೆಂಡಿಂಗ್’ ಎಂದು ಮಾರುತ್ತಿದ್ದಾನೆ. ಅಲ್ಲಿನ ಹಾಜರಿ ಪುಸ್ತಕದಲ್ಲಿ ನೀವು ಪ್ರತಿದಿನ ಕ್ಲಾಸಿನಲ್ಲಿ ಕುಳಿತಿದ್ದೀರಿ ಎಂದು ಬರೆಯುತ್ತಾರೆ. ಅದೇ ದಿನ ಉಮರ್ಗಾದ ದವಾಖಾನೆಯ ಮಸ್ಟರಿನಲ್ಲಿ ನಿಮ್ಮ ಸಹಿ ಇರುತ್ತದೆ. ಒಬ್ಬಳೇ ಹೆಣ್ಣುಮಗಳು ಒಂದೇ ದಿನ ಎರಡು ಊರಲ್ಲಿ ಹಾಜರ್! ನಾಳೆ ಸರಕಾರಿ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲೋ, ಪರದೇಶದ ನೌಕರಿಗೆ ಹೋಗುವಾಗಲೋ ಈ ಎರಡು ಕಾಗದ ಎದುರುಬದುರಾದರೆ ಸಿಕ್ಕಿಬೀಳುವವರು ಏಜೆಂಟ್ ಅಲ್ಲ, ನೀವು. ಪದವಿ ಹೋಗುವುದಷ್ಟೇ ಅಲ್ಲ, ನಿಜವಾಗಿ ದುಡಿದ ಅನುಭವದ ಮೇಲೂ ಸಂಶಯ ಬರುತ್ತದೆ.

‘ನಮ್ಮ ಯುನಿವರ್ಸಿಟಿಯದೂ ದೂರಶಿಕ್ಷಣವೇ’ ಎಂದು ಇನ್ನೊಬ್ಬ ಬಂದಾನು. ಅವನಿಗೂ ಕಿವಿಗೊಡಬೇಡಿ. ವೃತ್ತಿಯ ಪದವಿಗೆ ವಿಶ್ವವಿದ್ಯಾಲಯದ ಮುದ್ರೆಯೊಂದೇ ಸಾಲದು, ಆ ವೃತ್ತಿಯ ಕೌನ್ಸಿಲ್ ಒಪ್ಪಿರಬೇಕು. ಎಂಜಿನಿಯರುಗಳು ಇದನ್ನು ಬಹಳ ಕಷ್ಟಪಟ್ಟು ಕಲಿತರು: ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ತಾಂತ್ರಿಕ ಶಿಕ್ಷಣ ಮಂಡಳಿಯ ಒಪ್ಪಿಗೆ ಇಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟಿದ್ದ ಪದವಿಗಳನ್ನು ಸುಪ್ರೀಂ ಕೋರ್ಟು 2017ರ ನವೆಂಬರಿನಲ್ಲಿ ಅಮಾನತಿನಲ್ಲಿಟ್ಟಿತು. ನೌಕರಿ, ಬಡ್ತಿ ಪಡೆದು ವರ್ಷಗಳಾದವರೂ ಮತ್ತೆ ಪರೀಕ್ಷೆ ಬರೆಯಬೇಕಾಯಿತು.

ಇಗ್ನೊದಲ್ಲಿ ಓದು ನಡೆಯುವ ಬಗೆ ಬೇರೆ. ಪಾಠದ ಪುಸ್ತಕಗಳು ಮನೆಗೆ ಬರುತ್ತವೆ. ಅಸೈನ್‌ಮೆಂಟ್ ಬರೆದು ಕೊಡಬೇಕು, ಪರೀಕ್ಷೆಯೂ ಇರುತ್ತದೆ. ಪ್ರಾಕ್ಟಿಕಲ್ ಮಾತ್ರ ತಪ್ಪಿಸಿಕೊಳ್ಳುವಂತಿಲ್ಲ: ಅಧ್ಯಯನ ಕೇಂದ್ರವಾಗಿರುವ ನರ್ಸಿಂಗ್ ಕಾಲೇಜಿಗೆ ಹೋಗಿ, ಅದರ ಆಸ್ಪತ್ರೆಯಲ್ಲಿ ಮೇಲ್ವಿಚಾರಕರ ಎದುರು ಮಾಡಿ ತೋರಿಸಬೇಕು. ಉಳಿದದ್ದನ್ನು ನೀವು ಕೆಲಸ ಮಾಡುವ ಜಾಗದಲ್ಲಿಯೇ ಮಾಡಿ ಲಾಗ್‌ಬುಕ್ಕಿನಲ್ಲಿ ದಾಖಲಿಸಬೇಕು. ಅಂದರೆ ಡ್ಯೂಟಿಯೇ ಅರ್ಧ ತರಗತಿ. ಈ ಕೋರ್ಸು ನೌಕರಿಯಲ್ಲಿ ಇಲ್ಲದವರನ್ನು ಸೇರಿಸಿಕೊಳ್ಳದಿರುವುದು ಅದಕ್ಕಾಗಿಯೇ, ಅದು ಸರಿಯೂ ಹೌದು.

ಕಿಮ್ಮತ್ತು ಇದೆಯೇ ಎಂದು ಕೇಳಿದ್ದೀರಿ. ನಿಮ್ಮ ವಾರ್ಡಿನದೇ ಒಂದು ಉದಾಹರಣೆ ಕೊಡುತ್ತೇನೆ. ಬೆಳೆಗೆ ಹೊಡೆಯುವ ಔಷಧ ಕುಡಿದು ಬರುವ ರೈತರನ್ನು ನೋಡದ ನರ್ಸ್ ಮರಾಠವಾಡದಲ್ಲಿ ಇರಲಾರಳು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ, ಬಾಯಿಂದ ನೊರೆ, ಎದೆಯಲ್ಲಿ ಗೊರಗೊರ. ಅಟ್ರೋಪಿನ್ ಕೊಡುತ್ತೀರಿ, ಮತ್ತೆ ಕೊಡುತ್ತೀರಿ, ಎದೆ ತಿಳಿಯಾಗಿ ನಾಡಿ ಏರುವವರೆಗೂ ಕೊಡುತ್ತೀರಿ. ಡಿಪ್ಲೊಮಾ ಇಷ್ಟನ್ನು ಕಲಿಸಿರುತ್ತದೆ. ಎರಡನೆಯ ದಿನ ರೋಗಿ ಎದ್ದು ಮಾತಾಡುತ್ತಾನೆ, ಮನೆಯವರು ಗಂಡಾಂತರ ಪಾರಾಯಿತು ಎಂದು ಉಸಿರು ಬಿಡುತ್ತಾರೆ. ಅಪಾಯ ಕಾದಿರುವುದು ಆಗಲೇ. ಆರ್ಗನೋಫಾಸ್ಫೇಟ್ ವಿಷದಲ್ಲಿ 24ರಿಂದ 96 ತಾಸಿನೊಳಗೆ ಕೆಲವರಿಗೆ ಕುತ್ತಿಗೆಯ ಸ್ನಾಯು ಸೋಲುತ್ತದೆ, ಆಮೇಲೆ ಉಸಿರಾಟದ ಸ್ನಾಯು. ಶ್ರೀಲಂಕಾದ ವೈದ್ಯರು 1987ರಲ್ಲಿ ಇದನ್ನು ಗುರುತಿಸಿ ಇಂಟರ್‌ಮೀಡಿಯೆಟ್ ಸಿಂಡ್ರೋಮ್ ಎಂದು ಕರೆದರು. ಅಟ್ರೋಪಿನ್ ನೊರೆಯನ್ನು ಒಣಗಿಸುತ್ತದೆ, ಆದರೆ ಸೋತ ಸ್ನಾಯುವಿಗೆ ಬಲ ಕೊಡುವುದಿಲ್ಲ, ಏಕೆಂದರೆ ಸ್ನಾಯುವಿನಲ್ಲಿರುವ ಗ್ರಾಹಕಗಳೇ ಬೇರೆ. ಇದು ಗೊತ್ತಿರುವ ನರ್ಸ್ ಪ್ರತಿ ರೌಂಡಿನಲ್ಲೂ ‘ಯಜಮಾನ್ರೆ, ದಿಂಬಿನ ಮ್ಯಾಲಿಂದ ತಲಿ ಎತ್ರಿ’ ಎನ್ನುತ್ತಾಳೆ. ಎತ್ತಲಾಗದಿದ್ದರೆ ಕೂಡಲೇ ಡಾಕ್ಟರಿಗೆ ಫೋನು ಮಾಡುತ್ತಾಳೆ, ವೆಂಟಿಲೇಟರ್ ಇರುವಲ್ಲಿಗೆ ಸಾಗಿಸಲು ವೇಳೆ ಸಿಗುತ್ತದೆ. ಅಷ್ಟರಿಂದಲೇ ಒಂದು ಜೀವ ಉಳಿಯಬಹುದು. ಪದವಿಯ ಅನ್ವಯಿಕ ವಿಜ್ಞಾನ, ಮೆಡಿಕಲ್ ಸರ್ಜಿಕಲ್ ನರ್ಸಿಂಗ್ ಪಾಠಗಳು ಹಚ್ಚುವುದು ಹೀಗೆ ‘ಯಾಕೆ’ ಎಂದು ಕೇಳುವ ಅಭ್ಯಾಸವನ್ನು.

ಮಾನಸಿಕ ಆರೋಗ್ಯ ಮತ್ತು ಸಮುದಾಯ ಆರೋಗ್ಯದ ಪಾಠಗಳೂ ಇವೆ. ಆ ವಿಷ ಕುಡಿದವನು ಬದುಕಿ ಮನೆಗೆ ಹೋದ ಮೇಲೆ ಅವನ ಜೊತೆ ಮಾತಾಡುವವರು ಯಾರು? 1993ರ ಸೆಪ್ಟೆಂಬರ್ 30ರ ಭೂಕಂಪದಲ್ಲಿ ಕಿಲ್ಲಾರಿ, ಸಾಸ್ತೂರ ಸೀಮೆಯ ಹಳ್ಳಿಗಳು ನೆಲಸಮವಾದಾಗ ಬದುಕುಳಿದವರ ಮನಸ್ಸಿಗೂ ಆರೈಕೆ ಬೇಕಾಗಿತ್ತು. ಮರಾಠಿ, ಕನ್ನಡ, ದಖ್ಖನಿ ಮೂರರಲ್ಲೂ ರೋಗಿಯ ನೋವು ಕೇಳಿಸಿಕೊಳ್ಳಬಲ್ಲ ನಿಮ್ಮಂಥವರು ಈ ವಿದ್ಯೆ ಕಲಿಯಬೇಕೆಂದು ನನ್ನ ಆಸೆ.

ನೌಕರಿಯ ಲೆಕ್ಕ ನೋಡೋಣ. ಸ್ಟಾಫ್ ನರ್ಸ್ ಹುದ್ದೆಯಷ್ಟೇ ಸಾಕು ಅನ್ನುವುದಾದರೆ ಜಿಎನ್‌ಎಂ ಇದ್ದವರಿಗೂ ಸರಕಾರಿ ಬಾಗಿಲು ತೆರೆದೇ ಇದೆ, ಬಿಎಸ್ಸಿಗಾಗಿ ಸಾಲ ಮಾಡಬೇಡಿ. ಆದರೆ ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಪರೀಕ್ಷೆ ನೋಡಿ: ಜಿಎನ್‌ಎಂನವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು, ಪೋಸ್ಟ್ ಬೇಸಿಕ್ ಬಿಎಸ್ಸಿ ಆದವರಿಗೆ ಆ ಷರತ್ತು ಇಲ್ಲ. ನಿಮ್ಮದು ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್ ಆಗಿದ್ದರೆ, ಅಲ್ಲಿ ಎಷ್ಟು ವರ್ಷ ದುಡಿದರೂ ಆ ಅನುಭವ ಏಮ್ಸ್‌ನಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಪದವಿ ಬರುತ್ತದೆ. ಆ ಹುದ್ದೆಯ ಆರಂಭದ ಮೂಲವೇತನ, ಏಳನೆಯ ವೇತನ ಆಯೋಗದ ಪ್ರಕಾರ, ₹44,900. ನರ್ಸಿಂಗ್ ಶಾಲೆಯಲ್ಲಿ ಟ್ಯೂಟರ್ ಆಗಲು, ಮುಂದೆ ಎಂಎಸ್ಸಿ ಓದಲು ಕೂಡ ಇದೇ ಮೆಟ್ಟಿಲು. ಪದವಿ ಕೈಗೆ ಬಂದ ಮೇಲೆ ಅದನ್ನು ಕೌನ್ಸಿಲ್‌ನಲ್ಲಿ ಹೆಚ್ಚುವರಿ ಅರ್ಹತೆಯಾಗಿ ನಮೂದಿಸುವುದನ್ನು ಮರೆಯಬೇಡಿ.

ಪಾಠ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿ. ಮರಾಠಿ ಅಥವಾ ಕನ್ನಡ ಶಾಲೆಯಲ್ಲಿ ಓದಿದವರನ್ನು ಹೆಚ್ಚು ಕಾಡುವುದು ಇದೇ ಎಂದು ನನ್ನ ತಿಳಿವು. ಇವತ್ತಿನಿಂದಲೇ ನರ್ಸಸ್ ನೋಟ್ಸನ್ನು ತುಂಡು ಶಬ್ದಗಳಲ್ಲಿ ಬರೆಯುವುದು ಬಿಟ್ಟು ಪೂರ್ತಿ ವಾಕ್ಯದಲ್ಲಿ ಬರೆಯಿರಿ. ಅದಕ್ಕಿಂತ ಒಳ್ಳೆಯ, ಖರ್ಚಿಲ್ಲದ ತಯಾರಿ ಬೇರೆ ಇಲ್ಲ.

ಅರ್ಜಿಗೆ ಮೊದಲು ಅಧ್ಯಯನ ಕೇಂದ್ರ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ. ಪುಣೆಯಲ್ಲೂ ವಿಜಯಪುರದಲ್ಲೂ ಇಗ್ನೊದ ಪ್ರಾದೇಶಿಕ ಕಚೇರಿಗಳಿವೆ, ಗಡಿಯವರು ಎರಡನ್ನೂ ಕೇಳಿ ನೋಡುವುದು ಒಳ್ಳೆಯದು. ನರ್ಸಿಂಗ್ ಕೇಂದ್ರಗಳು ಕೆಲವೇ ಊರುಗಳಲ್ಲಿರುತ್ತವೆ, ಸೀಟುಗಳೂ ಕಡಿಮೆ. ಪ್ರಾಕ್ಟಿಕಲ್ ದಿನಗಳಲ್ಲಿ ಅಲ್ಲಿಯೇ ಉಳಿಯಬೇಕಾಗುತ್ತದೆ. ಮಕ್ಕಳನ್ನು ಯಾರು ನೋಡುತ್ತಾರೆ, ಡಾಕ್ಟರು ರಜೆ ಕೊಡುತ್ತಾರೆಯೇ ಎಂಬುದು ಶುಲ್ಕ ಕಟ್ಟುವ ಮೊದಲೇ ಮನೆಯಲ್ಲಿ, ದವಾಖಾನೆಯಲ್ಲಿ ತೀರ್ಮಾನ ಆಗಿರಲಿ. ಪೂರ್ತಿ ರಜೆ ಸಿಗುವ ಸರಕಾರಿ ನರ್ಸ್ ಆಗಿದ್ದರೆ ನಿಮಗೆ ಎರಡು ವರ್ಷದ ಕಾಲೇಜನ್ನೇ ಸೂಚಿಸುತ್ತಿದ್ದೆ. ಮಹಾರಾಷ್ಟ್ರದಲ್ಲಿ ನಾಸಿಕದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ, ನಮ್ಮಲ್ಲಿ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಕಾಲೇಜುಗಳು ಅದನ್ನು ನಡೆಸುತ್ತವೆ. ಖಾಸಗಿ ನೌಕರಿ ಬಿಟ್ಟರೆ ಮನೆ ನಡೆಯದು ಅನ್ನುವವರಿಗೆ ಇಗ್ನೊ.

ನಿಮ್ಮ ಮೈದುನ ಜಿಎನ್‌ಎಂ ಆಗಿದ್ದು ರಿಜಿಸ್ಟರ್ ಆಗಿದ್ದರೆ ಅವರಿಗೂ ಇದು ಬರುತ್ತದೆ. ಗಂಡುಮಕ್ಕಳಲ್ಲಿ ಹೆರಿಗೆ ಶುಶ್ರೂಷೆ ಕಲಿಯದೆ ಜಿಎನ್‌ಎಂ ಮುಗಿಸಿದವರಿದ್ದಾರೆ. ಅಂಥವರು ಅದಕ್ಕೆ ಬದಲಾಗಿ ಕೌನ್ಸಿಲ್ ಒಪ್ಪಿದ ಆರರಿಂದ ಒಂಬತ್ತು ತಿಂಗಳ ಬೇರೊಂದು ನರ್ಸಿಂಗ್ ತರಬೇತಿಯ ಪ್ರಮಾಣಪತ್ರ ತೋರಿಸಬೇಕು. ಅವರ ಅಂಕಪಟ್ಟಿ ತೆಗೆದು ನೋಡಿ.

ಗೆಳತಿಯ ವಿಷಯದಲ್ಲಿ ಮಾತ್ರ ಇಲ್ಲ ಎನ್ನಬೇಕಾಗಿದೆ. ಎಎನ್‌ಎಂನಿಂದ ಈ ಪದವಿಗೆ ನೇರ ದಾರಿ ಇಲ್ಲ, ಇದೆ ಎಂದು ಯಾರು ಹೇಳಿದರೂ ಅವರಿಗೆ ದುಡ್ಡು ಕೊಡಬಾರದು. ಅವರು ಮೊದಲು ಮೂರು ವರ್ಷದ ಜಿಎನ್‌ಎಂ ಮಾಡಬೇಕು, ಅದೂ ಶಾಲೆಗೆ ಹೋಗಿಯೇ. ರಿಜಿಸ್ಟರ್ ಆದ ಎಎನ್‌ಎಂಗಳಿಗೆ ಅಲ್ಲಿ ಪ್ರವೇಶ ಉಂಟು. ಸರಕಾರಿ ನೌಕರಿಯಲ್ಲಿದ್ದರೆ ತಮ್ಮ ಇಲಾಖೆ ಓದಲು ಕಳಿಸುತ್ತದೆಯೇ ಎಂದು ತಾಲೂಕು ಆರೋಗ್ಯಾಧಿಕಾರಿಗೆ ಲಿಖಿತವಾಗಿ ಅರ್ಜಿ ಕೊಟ್ಟು, ಅದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲಿ.