ಎಲ್ಲೆ ಮೀರಿದ ವಿದ್ವತ್ಕೂಟ

ಯಳಂದೂರಿನ ಗೌರೀಶ್ವರ ದೇವಾಲಯಕ್ಕೆ ಹೋದವರ ಕಣ್ಣು ಮೊದಲು ಹರಿಯುವುದು ಅದರ ಮಹಾದ್ವಾರದ ಕಡೆಗೆ. ಅದರ ಮೂಲೆಗಳನ್ನು ಕಲ್ಲಿನ ಬಳೆಗಳ ಸರಪಳಿಗಳಿಂದ ಅಲಂಕರಿಸಿದ್ದುದರಿಂದ ಜನರು ಅದನ್ನು ‘ಬಳೆ ಮಂಟಪ’ವೆಂದೇ ಕರೆಯುತ್ತಾರೆ. ಗೋಡೆಗಳ ಮೇಲೆ ಶಿವಲೀಲೆಗಳು ಉಬ್ಬುಶಿಲ್ಪಗಳಾಗಿ ಮೂಡಿವೆ. ಇದನ್ನು 1654ರ ಸುಮಾರಿಗೆ ಕಟ್ಟಿಸಿದವನು ಹದಿನಾಡಿನ ಅರಸು ಮುದ್ದುರಾಜ. ಶಿಲ್ಪದ ಸೊಬಗು ನೋಡಿದೊಡನೆ ಮನಸ್ಸನ್ನು ಸೆಳೆಯುತ್ತದೆ; ಆದರೆ ಕಟ್ಟಿಸಿದವನ ಹೆಸರೂ ಕಾಲವೂ ತಾವಾಗಿ ತಿಳಿಯುವುದಿಲ್ಲ. ಶಾಸನವನ್ನು ಓದುವವರು ಬೇಕು. ಓದಿದ್ದನ್ನು ಪ್ರಕಟಿಸುವವರು ಬೇಕು. ಅದನ್ನು ಒರೆಗೆ ಹಚ್ಚುವವರೂ ಬೇಕು.

ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆ ಈ ಕಾರ್ಯವನ್ನು ಶ್ರದ್ಧೆಯಿಂದ ನಡೆಸಿತು. ಬಿ. ಎಲ್. ರೈಸರು ಯಳಂದೂರಿನ ಶಾಸನಗಳನ್ನು 1898ರಲ್ಲಿ ಅಚ್ಚು ಹಾಕಿಸಿದರು. ಅವರ ತರುವಾಯ ಬಂದ ಆರ್. ನರಸಿಂಹಾಚಾರ್ಯರು ಸೋಮನಾಥಪುರ, ಬೇಲೂರು ದೇವಾಲಯಗಳ ಶಿಲ್ಪವನ್ನು ಕುರಿತು ಗ್ರಂಥಗಳನ್ನು ರಚಿಸಿದರು. ಆದರೆ ಇಲಾಖೆಗೆ ಒಂದು ಗಡಿಯಿತ್ತು. ಯಳಂದೂರಿಗೆ ಸಮೀಪದಲ್ಲೇ ಇರುವ ಕೊಳ್ಳೇಗಾಲವು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ಹನೂರು ಆಗ ಅದರ ಭಾಗವಾಗಿತ್ತು. ಒಂದೇ ನುಡಿಯ ನೆರೆಯೂರುಗಳ ಚರಿತ್ರೆ ಹೀಗೆ ಎರಡು ಸರ್ಕಾರಗಳ ಕಡತಗಳಲ್ಲಿ ಹಂಚಿಹೋಯಿತು.

ಗಡಿಗಳಿಗೆ ಕಟ್ಟುಬೀಳದ ಅಧ್ಯಯನಕ್ಕೆ ಆಸಕ್ತರ ಸಂಘವೊಂದು ಅಗತ್ಯವಾಗಿತ್ತು. 1909ರಲ್ಲಿ ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಸ್ಥಾಪನೆಯಾಯಿತು. ಸ್ಥಾಪಕರಲ್ಲಿ ಪ್ರಮುಖರಾದ ಎಫ್. ಜೆ. ರಿಚರ್ಡ್ಸ್ ಅವರು ಮದರಾಸು ಪ್ರಾಂತದ ಅಧಿಕಾರಿ. ಕೊಳ್ಳೇಗಾಲದ ನೆರೆಯ ಸೇಲಂ ಜಿಲ್ಲೆಯ ಗೆಜೆಟಿಯರನ್ನು ಬರೆದವರೂ ಅವರೇ. ಫ್ರೆಂಚ್ ಪಾದ್ರಿ ಎ. ಎಂ. ತಬಾರ್ ಅವರು ದೀರ್ಘಕಾಲ ಅಧ್ಯಕ್ಷರಾಗಿದ್ದು ಸಂಘವನ್ನು ಬೆಳೆಸಿದರು. ಮೈಸೂರು ಮಾತ್ರವಲ್ಲ, ಇಡೀ ದಕ್ಷಿಣ ಭಾರತದ ಇತಿಹಾಸ, ಶಿಲ್ಪ, ಧರ್ಮ, ಜನಜೀವನ ಸಂಘದ ಅಧ್ಯಯನಕ್ಕೆ ವಿಷಯವಾದವು.

ಅಲ್ಲಿನ ಕಾರ್ಯವಿಧಾನ ಸರಳವಾದುದು. ಒಬ್ಬರು ಪ್ರಬಂಧವನ್ನು ಓದುವರು, ಉಳಿದವರು ಪ್ರಶ್ನಿಸುವರು, ಬಳಿಕ ಅದು ಸಂಘದ ತ್ರೈಮಾಸಿಕದಲ್ಲಿ ಪ್ರಕಟವಾಗುವುದು. ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್ಯರಂತಹ ಇತಿಹಾಸಕಾರರು ಈ ಪತ್ರಿಕೆಗೆ ಬರೆದರು. 1917ರಲ್ಲಿ ಡೇಲಿ ಸ್ಮಾರಕ ಭವನ ಸಿದ್ಧವಾಗಿ, ಸಂಘಕ್ಕೆ ಸ್ವಂತ ನೆಲೆ ದೊರೆಯಿತು. ಗ್ರಂಥಭಂಡಾರವೂ ಬೆಳೆಯಿತು. ಶತಮಾನವನ್ನು ದಾಟಿದ ಸಂಘವು 2021ರಿಂದ ಬೆಂಗಳೂರು ಪ್ರದೇಶದ ಶಾಸನಗಳನ್ನು ಗಣಕಯಂತ್ರದ ನೆರವಿನಿಂದ ಮೂರು ಆಯಾಮಗಳಲ್ಲಿ ದಾಖಲಿಸುತ್ತ ಬಂದಿದೆ.

ಇಂತಹ ದಾಖಲೆ ಏಕೆ ಬೇಕು? ಎಷ್ಟೋ ಊರುಗಳಲ್ಲಿ ಶಾಸನಗಳು ಬಟ್ಟೆ ಒಗೆಯುವ ಕಲ್ಲುಗಳಾಗಿವೆ, ತಳಪಾಯದಲ್ಲಿ ಹುದುಗಿವೆ. ಅಕ್ಷರ ಸವೆದರೆ ಆ ಊರಿನ ನೆನಪೇ ಸವೆದಂತೆ. ವಿದ್ವಾಂಸರು ಎಲ್ಲ ಊರುಗಳಿಗೂ ಬರಲಾರರು. ಊರಿನವರು ಊರಲ್ಲೇ ಇರುತ್ತಾರೆ. ಹೊಲದ ಬದುವಿನ ಬರೆಹದ ಕಲ್ಲನ್ನು ಗುರುತಿಸಿ, ಸುಣ್ಣ ಬಳಿಯದೆ, ಹೆಸರು ಕೊರೆಯದೆ ತಿಳಿದವರಿಗೆ ತಿಳಿಸುವ ಬಾಲಕನೂ ಬಾಲಕಿಯೂ ಆ ವಿದ್ವತ್ಕೂಟದ ಕೆಲಸದಲ್ಲಿ ಪಾಲುಗೊಂಡಂತೆಯೇ ಸರಿ.

ಅಭ್ಯಾಸ
1. ಯಳಂದೂರಿನ ಮಹಾದ್ವಾರಕ್ಕೆ ‘ಬಳೆ ಮಂಟಪ’ವೆಂಬ ಹೆಸರು ಏಕೆ ಬಂದಿತು?
2. ಸರ್ಕಾರದ ಇಲಾಖೆಗೂ ವಿದ್ವಾಂಸರ ಸಂಘಕ್ಕೂ ಇರುವ ವ್ಯತ್ಯಾಸವೇನು?
3. ನಿಮ್ಮ ಊರಿನ ಹಳೆಯ ಶಿಲ್ಪ ಅಥವಾ ಶಾಸನವೊಂದನ್ನು ಕುರಿತು ಹತ್ತು ವಾಕ್ಯಗಳಲ್ಲಿ ಬರೆಯಿರಿ.